ಬಸ್ಸಿನಲ್ಲಿ ಕೇಳಿದ ರಿವರ್ಬ್

ನನ್ನ ಅಕ್ಕ ಮೋಕ್ಷಾಳ ಗಂಡ ಯೋಗೀಶ್ ಭಾವ ಹಾಡುಗಳಿಗೆ ಮಿಕ್ಸಿಂಗ್ ಮಾಡುವವರು. ಶಕ್ತಿನಗರದ ಮನೆಯ ಹಿಂದಿನ ಕೋಣೆಯೇ ಅವರ ಸ್ಟುಡಿಯೋ. ತುಳು ಸಿನಿಮಾ, ನಾಟಕ, ಭಕ್ತಿಗೀತೆ, ಯಾವುದೇ ಇರಲಿ, ಯಾರೋ ಹಾಡಿ ಹೋದ ದನಿಯನ್ನೂ ತಬಲ, ಕೀಬೋರ್ಡುಗಳನ್ನೂ ಹದವಾಗಿ ಕೂಡಿಸುವುದು ಅವರ ಕೆಲಸ. ಅದರಲ್ಲೂ ರಿವರ್ಬ್ ಹಾಕುವುದರಲ್ಲಿ ಅವರದೇ ಹೆಸರು. ರಿವರ್ಬ್ ಎಂದರೆ ದನಿಯ ಬೆನ್ನಿಗೆ ಬರುವ ಗುಂಯ್. ನಮ್ಮೂರಿನವರ ಬಾಯಲ್ಲಿ ಎಕೋ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ ಹಾಡಿದ ದನಿಯನ್ನು ಕಂಪ್ಯೂಟರಿನ ಒಂದು ಪ್ಲಗಿನ್ ದೊಡ್ಡ ಸಭಾಭವನಕ್ಕೂ ಒಯ್ಯಬಹುದು, ಬಚ್ಚಲಿಗೂ ತಳ್ಳಬಹುದು. "ಒಗ್ಗರಣೆ ಇದ್ದ ಹಾಗೆ ವಿನೀತ್, ಪರಿಮಳ ಬರಬೇಕು, ಹೊಗೆ ಬರಬಾರದು" ಎಂದು ಭಾವ ಹೇಳುವುದುಂಟು.

ನಾನು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಬಜಪೆಗೆ ಹೋಗುವ ಬಸ್ಸಿನ ಕಂಡಕ್ಟರ್. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಚಿಲ್ಲರೆ ಇಲ್ಲ ಎಂದವರಿಗೆಲ್ಲ ಗೊತ್ತು. ಹಾಡೊಂದು ಮುಗಿದರೆ ಭಾವ ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ನಮ್ಮ ಬಸ್ಸು ಹತ್ತುತ್ತಾರೆ, ಕೊನೆಯ ಸೀಟಿನಲ್ಲಿ ಕೂರುತ್ತಾರೆ. ಎಂಜಿನ್, ಹಾರ್ನ್, ನನ್ನ ಬೊಬ್ಬೆ, ಇದೆಲ್ಲದರ ನಡುವೆಯೂ ಹಾಡಿನ ಮಾತು ಹಿಂದಿನ ಸೀಟಿಗೆ ಮುಟ್ಟಿದರೆ ಪಾಸು. ಸ್ಟುಡಿಯೋದ ಸ್ಪೀಕರ್ ಮುಖಸ್ತುತಿ ಮಾಡುತ್ತದೆ, ಬಸ್ಸು ಮಾಡುವುದಿಲ್ಲ ಎನ್ನುವುದು ಅವರ ನಂಬಿಕೆ.

ಮೊನ್ನೆ ಶನಿವಾರ ತಂದದ್ದು ಶ್ರಾವಣಿಯ ಹಾಡು. ಅರ್ಚಕ ವಿಷ್ಣುಮೂರ್ತಿ ಭಟ್ಟರ ಮಗಳು ಅವಳು, ಸಿನಿಮಾಕ್ಕೆ ಹಾಡಿದ್ದು ಇದೇ ಮೊದಲು. ಸಂಜೆ ಐದಕ್ಕೆ ನಿರ್ಮಾಪಕರಿಗೆ ಹಾಡು ಮುಟ್ಟಬೇಕು. ಹಿಡಿಸದಿದ್ದರೆ ಅದೇ ಹಾಡನ್ನು ಬೇರೆಯವರಿಂದ ಹಾಡಿಸುತ್ತೇವೆ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಹುಡುಗಿ ಮೂರು ವರ್ಷ ಯಾರ್ಯಾರದೋ ಹಿಂದೆ ನಿಂತು ಕೋರಸ್ ಹಾಡಿ ಇಲ್ಲಿಗೆ ಮುಟ್ಟಿದವಳು.

ಬಸ್ಸು ಕೆಪಿಟಿ ದಾಟುತ್ತಿದ್ದಂತೆ ಡ್ರೈವರ್ ರೂಪೇಶ್ ಹಾಡು ಹಾಕಿದ. ಮೊದಲ ಸಾಲಿಗೇ ನನ್ನ ಹಲ್ಲು ಜುಂ ಎಂದಿತು. ಸ, ಶ ಬಂದಲ್ಲೆಲ್ಲ ಬಿಸಿ ಎಣ್ಣೆಗೆ ಬಂಗುಡೆ ಮೀನು ಬಿಟ್ಟ ಹಾಗೆ ಚುಂಯ್ ಚುಂಯ್. ಒಂದು ಮಾತಿನ ಚುಂಯ್ ಅಡಗುವ ಮೊದಲೇ ಇನ್ನೊಂದು ಮಾತು ಬಂದು ಅದರ ಮೇಲೆ ಬೀಳುತ್ತಿತ್ತು. ಹುಡುಗಿಯ ದನಿ ಎಲ್ಲೋ ಒಳಗೆ ಒದ್ದಾಡುತ್ತಿತ್ತು. ಮುಂದಿನ ಸೀಟಿನ ಸಾರಮ್ಮ ನಮ್ಮ ಖಾಯಂ ಪ್ಯಾಸೆಂಜರ್. ಸೆರಗನ್ನು ಕಿವಿಗೆ ಒತ್ತಿಕೊಂಡು, "ಬಂದ್ ಮಾಡು ಮಾರಾಯ, ಕಿವಿಗೆ ಕಡ್ಡಿ ಹಾಕಿದ ಹಾಗೆ ಆಗ್ತದೆ" ಎಂದರು. ರೂಪೇಶ್ ಸೌಂಡು ಇಳಿಸಿದ.

ಭಾವ ಎದ್ದು ಕಂಬಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಎಂತ ವಿನೀತ್, ರಿವರ್ಬ್ ಸ್ವಲ್ಪ ಕಡಿಮೆ ಆಯ್ತಲ್ಲ?"

ನಾನು ತಮಾಷೆ ಎಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಕಡಿಮೆಯಾ? ಜನ ಇಳಿದು ಓಡ್ಲಿಕ್ಕೆ ನೋಡ್ತಿದ್ದಾರೆ ಭಾವ!"

"ನಿಮ್ಮ ಬಸ್ಸಿನ ಸ್ಪೀಕರ್ ಹಾಳಾಗಿದೆ."

"ಇದೇ ಸ್ಪೀಕರಿನಲ್ಲಿ ಬೆಳಿಗ್ಗೆಯಿಂದ ಬೇರೆ ಹಾಡು ಸರಿಯಾಗಿ ಬರ್ತಾ ಉಂಟು. ಆ ಚುಂಯ್ ಎನ್ನುವುದು ನಿಮಗೆ ಕೇಳುವುದಿಲ್ವಾ?"

"ಯಾವುದು?" ಎಂದರು ಭಾವ.

ಆ ಒಂದು ಮಾತಿಗೆ ನನ್ನ ಸಿಟ್ಟೆಲ್ಲ ಇಳಿದು ಹೆದರಿಕೆ ಹತ್ತಿತು. ಬಜಪೆಯಲ್ಲಿ ಬಸ್ಸು ಖಾಲಿಯಾದ ಮೇಲೆ ಅವರೇ ಬಾಯಿಬಿಟ್ಟರು. ಸ್ಟುಡಿಯೋ ಹಾಕುವ ಮೊದಲು ವರ್ಷಗಟ್ಟಲೆ ಮೆರವಣಿಗೆಯ ಸೌಂಡ್ ಬಾಕ್ಸುಗಳ ಪಕ್ಕ ನಿಂತದ್ದರ ಫಲವಂತೆ. ತುಂಬ ಸಪೂರದ, ಎಂದರೆ ಕೀರಲು ಶಬ್ದಗಳು ಎರಡೂ ಕಿವಿಗೆ ಬೀಳುವುದಿಲ್ಲ. ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿದೆ. ಕೇಳುವುದಿಲ್ಲ ಎಂದು ರಿವರ್ಬ್ ಏರಿಸುತ್ತ ಹೋಗಿದ್ದಾರೆ. ಅದರಲ್ಲೂ ‘ಪ್ಲೇಟ್’ ಎನ್ನುವ, ತಗಡಿನಂತೆ ಮಿನುಗುವ ಬಗೆಯದ್ದನ್ನು.

"ಮೋಕ್ಷಾಳಿಗೆ ಹೇಳಬೇಡ. ಯಾರಿಗೂ ಹೇಳಬೇಡ. ಇದು ಗೊತ್ತಾದರೆ ನನ್ನ ಹತ್ತಿರ ಯಾರು ಬರ್ತಾರೆ?" ಎಂದು ನನ್ನ ಕೈ ಹಿಡಿದು ಆಣೆ ಹಾಕಿಸಿದರು. ಹಾಕಿಬಿಟ್ಟೆ.

ಮಧ್ಯಾಹ್ನದ ಮೇಲೆ ನನ್ನ ಪಾಳಿ ಮುಗಿಯಿತು. ಇಬ್ಬರೂ ಶಕ್ತಿನಗರಕ್ಕೆ ಬಂದೆವು. ಶ್ರಾವಣಿಯೂ ಭಟ್ಟರೂ ಆಗಲೇ ಬಂದು ಕೂತಿದ್ದರು. ಭಾವ ಯಾರ ಮುಖವನ್ನೂ ನೋಡದೆ ಕಂಪ್ಯೂಟರಿನ ಮುಂದೆ ಕೂತರು. ಪ್ಲೇಟ್ ತೆಗೆದು ‘ಹಾಲ್’ ಎನ್ನುವ ಬಗೆ ಹಾಕಿದರು. "ಹೇಗುಂಟು?"

"ಚೆನ್ನಾಗುಂಟು ಅಣ್ಣ" ಎಂದಳು ಶ್ರಾವಣಿ.

ಹಾಲ್ ತೆಗೆದು ‘ರೂಮ್’ ಹಾಕಿದರು. "ಈಗ?"

"ಇದೂ ಚೆನ್ನಾಗುಂಟು."

ಭಾವ ತಮಗೆ ಕೇಳದ ಭಾಗವನ್ನು ಪ್ರತಿ ಸಲವೂ ಮೇಲಕ್ಕೇ ತಳ್ಳುತ್ತಿದ್ದರು, ಹಾಡು ಪ್ರತಿ ಸಲವೂ ಚುಂಯ್ ಎನ್ನುತ್ತಿತ್ತು. ಹುಡುಗಿಗೆ ಕೇಳದೆ ಇದೆಯೇ? ಅವಳ ಹುಬ್ಬು ಗಂಟಿಕ್ಕುವುದನ್ನು ನಾನೇ ನೋಡಿದೆ. ಆದರೆ ಹಿರಿಯರು ಮಾಡಿದ್ದಕ್ಕೆ ಕೊಂಕು ಹೇಳದೆ ಬೆಳೆದ ಮನೆ. ಯೋಗೀಶಣ್ಣನ ರಿವರ್ಬಿಗೆ ತಪ್ಪು ಹೇಳಲು ತಾನು ಯಾರು ಎಂಬ ಸಂಕೋಚ. ಅಂಥ ಮರ್ಯಾದೆಗೆ ಬೆಂಕಿ ಬೀಳಲಿ ಎನಿಸಿತು ನನಗೆ. ಅವಳ ಹಾಡು ಅವಳ ಕಣ್ಣೆದುರೇ ಕೆಡುತ್ತಿದೆ, ಅವಳು ತಲೆಯಾಡಿಸುತ್ತಿದ್ದಾಳೆ. ನನ್ನದೋ, ಬಾಯಲ್ಲಿ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ನಿರ್ಮಾಪಕರ ಫೋನು ಬಂತು. "ಹತ್ತು ನಿಮಿಷ ಸಾರ್, ಕಳಿಸ್ತೇನೆ" ಎಂದರು ಭಾವ. ಇನ್ನು ಆಣೆ ಮುರಿಯುವುದೇ ಸೈ ಎಂದು ನಾನು ಎದ್ದೆ. ಭಾವ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಮೌಸ್ ಬಿಟ್ಟು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಶ್ರಾವಣಿ, ನನ್ನ ಕಿವಿ ಹೋಗಿದೆ. ಸಪೂರದ್ದು ಯಾವುದೂ ಕೇಳುವುದಿಲ್ಲ. ನೀನು ಚೆನ್ನಾಗುಂಟು ಅಂತ ಹೇಳ್ತಾ ಕೂತರೆ ಹಾಳಾಗುವುದು ನಿನ್ನ ಹಾಡು."

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಭಟ್ಟರು ಮಗಳ ಕಡೆ ತಿರುಗಿದರು. "ಅವರೇ ಕೇಳ್ತಿದ್ದಾರಲ್ವಾ ಮಗಳೇ? ಇದ್ದದ್ದನ್ನು ಇದ್ದ ಹಾಗೆ ಹೇಳು."

"ಚುಚ್ತದೆ ಅಣ್ಣ" ಎಂದಳು ಶ್ರಾವಣಿ, ಅಳು ತಡೆದುಕೊಂಡು. "ಆಗಿನಿಂದ ಚುಚ್ತಾ ಉಂಟು."

ಭಾವ ಕುರ್ಚಿ ಬಿಟ್ಟುಕೊಟ್ಟರು. ಪಕ್ಕದಲ್ಲಿ ನಿಂತು ಯಾವುದನ್ನು ಎಳೆಯಬೇಕು, ಯಾವುದನ್ನು ಮುಟ್ಟಬಾರದು ಎಂದು ಬೆರಳು ತೋರಿಸಿದರು. ಅವಳು ಇಳಿಸಿದಳು, ಕೇಳಿದಳು, ಇನ್ನೂ ಇಳಿಸಿದಳು. ಚುಂಯ್ ಕರಗಿತು. ಒಂದೊಂದೇ ಮಾತು ಈಚೆಗೆ ಬಂತು. ಕೊನೆಗೆ ಅವಳು ಕೈ ತೆಗೆದಾಗ ಆ ದನಿ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಹಾಡಿದಷ್ಟು ಹತ್ತಿರವಿತ್ತು. ನನಗೆ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

"ರಿವರ್ಬ್ ಇನ್ನೂ ಉಂಟಾ?" ಭಾವ ಕೇಳಿದರು.

"ಉಂಟಣ್ಣ. ತುಂಬ ಚೆಂದ ಉಂಟು."

"ನನಗೆ ಒಣ ಒಣ ಕೇಳ್ತದೆ" ಎಂದರು ಅವರು. "ಕೊನೆಯ ಸಾಲು ಇನ್ನೊಮ್ಮೆ ಹಾಕು. ನೀನು ಹಾಡುವುದು ನಿಲ್ಲಿಸಿದ ಮೇಲೆ ಎಷ್ಟು ಹೊತ್ತು ಇರ್ತದೆ, ತೋರಿಸು."

ಹಾಡು ಮುಗಿಯಿತು. ಶ್ರಾವಣಿ ಕೈಯನ್ನು ಮುಖದೆತ್ತರಕ್ಕೆ ಹಿಡಿದು, ಗುಂಯ್ ಇಳಿದಂತೆ ಇಳಿದಂತೆ ನಿಧಾನವಾಗಿ ಇಳಿಸುತ್ತ ಬಂದಳು. ಭಾವ ಉಸಿರು ಹಿಡಿದು ಆ ಕೈಯನ್ನೇ ನೋಡುತ್ತಿದ್ದರು. ಕೈ ಅವಳ ಮಡಿಲಿಗೆ ಬಂದು ಸೇರಿದ ಮೇಲೆ, ಬಾಗಿ, ಹಾಡನ್ನು ನಿರ್ಮಾಪಕರಿಗೆ ಕಳುಹಿಸಿದರು.