ಹುಳುಮನೆಯಲ್ಲಿ ಉಳಿದ ಮಡಕೆ

ಮರಳಿನೊಳಗೆ ಬೆರಳಿಟ್ಟರೆ ಎರಡನೆಯ ಗೆಣ್ಣಿನವರೆಗೂ ತಣ್ಣಗಿರಬೇಕು. ಇಲ್ಲದಿದ್ದರೆ ಇನ್ನೊಂದು ಚೊಂಬು ನೀರು ಚಿಮುಕಿಸಬೇಕು. ಆ ಮರಳಿನ ಮಡಕೆಯೊಳಗೆ ಇನ್ನೊಂದು ಪುಟ್ಟ ಕುಡಿಕೆ. ಅದರಲ್ಲಿ ನನ್ನ ಇನ್ಸುಲಿನ್ ಸೀಸೆ.

ಆಗ ನನಗೆ ಹತ್ತು ವರ್ಷ. ನಮ್ಮ ಮನೆಗೆ ಫ್ರಿಜ್ಜಿನ್ನೂ ಬಂದಿರದ ದಿನಗಳವು. ದೇವರಾಯಸಮುದ್ರದ ಕಡೆಯ ನಮ್ಮ ಊರಿನಲ್ಲಿ ರೇಷ್ಮೆ ಸಾಕುವ ಎಲ್ಲರಿಗೂ ಒಂದೊಂದು ಹುಳುಮನೆ ಇತ್ತು. ಹುಳುಗಳಿಗೆ ರೋಗ ತಗಲೀತೆಂದು ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಮನೆಯವರೂ ಬಾಗಿಲಲ್ಲಿ ಸುಣ್ಣದ ಪುಡಿ ತುಳಿದೇ ಹೋಗಬೇಕಿತ್ತು. ಅಮ್ಮ ಮಡಕೆಯನ್ನು ಅಲ್ಲಿಟ್ಟದ್ದು ತಂಪಿಗಾಗಿ ಮಾತ್ರವಲ್ಲ. ನನಗೆ ಸಕ್ಕರೆ ಕಾಯಿಲೆ ಇರುವುದು ಊರಿಗೆ ಗೊತ್ತಾಗಬಾರದಿತ್ತು. "ನಾಳೆ ಹೆಣ್ಣು ಕೇಳ್ಕೊಂಡು ಯಾರು ಬರ್ತಾರೆ?" ಎನ್ನುತ್ತಿದ್ದಳು. ಬೆಳಿಗ್ಗೆ ಸಂಜೆ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯಲ್ಲಿ, ಬಾಗಿಲು ಮುಚ್ಚಿ ಸೂಜಿ ಚುಚ್ಚುತ್ತಿದ್ದಳು.

ಆ ವರ್ಷ ಹಿಂಗಾರಿಗೆ ಕೆರೆ ಕೋಡಿ ಬಿತ್ತು. ಹೆಂಗಸರು ಅರಿಸಿನ ಕುಂಕುಮ ಬಿಟ್ಟು ಬಂದರು. ನಾವು ಮಕ್ಕಳು ಕೋಡಿ ನೀರಿನಲ್ಲಿ ಟವೆಲ್ ಹರಡಿ ಮೀನು ಹಿಡಿದೆವು. ಮೂರನೆಯ ದಿನ ಮಧ್ಯಾಹ್ನ ಏರಿಯ ಬುಡದಲ್ಲಿ ಕೆಸರು ನೀರು ಜಿನುಗತೊಡಗಿತು. ಏರಿ ಒಡೆದೀತು, ಎಲ್ಲರೂ ದಿಣ್ಣೆಯ ಮೇಲಿನ ಶಾಲೆಗೆ ಹೋಗಬೇಕೆಂದು ತಮಟೆ ಬಡಿದು ಸಾರಿದರು.

"ಹುಳ ಹಣ್ಣಾಗಿ ಗೂಡು ಕಟ್ಟೋಕೆ ಇನ್ನೆರಡೇ ದಿನ ಕಣೇ, ಬಿಟ್ಟು ಹೋಗೋದಾ?" ಎಂದು ಅಪ್ಪ ಹುಳುವಿನ ತಟ್ಟೆಗಳನ್ನೆಲ್ಲ ಟ್ರ್ಯಾಕ್ಟರಿಗೆ ಏರಿಸಿದ. ಟ್ರ್ಯಾಕ್ಟರಿನ ತುಂಬ ಅಕ್ಕಪಕ್ಕದವರು. ಅವರೆದುರು ಅಮ್ಮನಿಗೆ ಮಡಕೆಯ ಬಗ್ಗೆ ಬಾಯಿಬಿಟ್ಟು ಕೇಳಲಾಗಲಿಲ್ಲ.

"ಒಳಗಿರೋದೆಲ್ಲ ತಂದ್ರಾ?"

"ಎಲ್ಲಾ ತಂದೆ, ಹತ್ತು ನೀನು."

ಶಾಲೆಯಲ್ಲಿ ಒದ್ದೆ ಕಂಬಳಿಯ ನಾತ, ಅಡುಗೆ ಕೋಣೆಯಿಂದ ಹುಳಿಯ ಒಗ್ಗರಣೆ. ಸಂಜೆ ಸೂಜಿಯ ಹೊತ್ತಿಗೆ ಅಮ್ಮ ತಟ್ಟೆಗಳ ನಡುವೆ ತಡಕಾಡಿದಳು. ಮಡಕೆ ಇರಲಿಲ್ಲ. ಅಪ್ಪ ಊರಿನ ಕಡೆ ಓಡಿದ.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಮಂಜುಳಕ್ಕ ನೋಟ್‌ಬುಕ್ ಹಿಡಿದು ಬಂದರು. "ಬಿಪಿ, ಸಕ್ಕರೆ, ಫಿಟ್ಸು, ಬಸುರಿ, ಬಾಣಂತಿ, ಯಾರಿಗೇನು ಬೇಕೋ ಹೇಳ್ರಪ್ಪಾ. ಮುಳಬಾಗಿಲಿಗೆ ಜೀಪು ಹೋಗ್ತದೆ, ಚೀಟಿ ಕಳಿಸ್ಬೇಕು."

ಮೂಲೆಯಿಂದ ಮುನಿಯಪ್ಪ ತಾತ ಕೈ ಎತ್ತಿದರು. "ಅರವತ್ತು ವರ್ಷ ಆದ್ಮೇಲೆ ಸ್ಕೂಲಲ್ಲಿ ಹಾಜರಿ ಹೇಳ್ತಾ ಇವ್ನಿ ನೋಡಮ್ಮ. ಬಿಪಿ ಬರ್ಕೋ. ಹೆಂಡ್ತಿ ಪಕ್ಕದಾಗೇ ಕುಂತವ್ಳೆ, ಇನ್ನೂ ಏರ್ತೈತೆ."

ಎಲ್ಲರೂ ನಕ್ಕರು. ಮಂಜುಳಕ್ಕ ನಮ್ಮತ್ತ ತಿರುಗಿದರು. "ನಿಮ್ಮನೇಲಿ?"

"ನಮ್ಮನೇಲಿ ಎಲ್ಲಾ ಚೆನ್ನಾಗವ್ರೆ" ಎಂದಳು ಅಮ್ಮ. ಅವಳ ಕೈ ನನ್ನ ಮಣಿಕಟ್ಟನ್ನು ಒತ್ತುತ್ತಿತ್ತು. ಅಪ್ಪ ತಂದೇ ತರುತ್ತಾನೆಂದು ಅವಳು ನಂಬಿದ್ದಳು.

ಅಪ್ಪ ಸೊಂಟದವರೆಗೆ ನೆನೆದು ಬರಿಗೈಯಲ್ಲಿ ಬಂದ. "ಹಳ್ಳ ತುಂಬಿದೆ, ಕಾವಲಿಗಿದ್ದೋರು ದಾಟೋಕೆ ಬಿಡಲಿಲ್ಲ ಕಣೇ" ಎಂದಷ್ಟೇ ಹೇಳಿ ಗೋಡೆಗೊರಗಿದ.

ನಾನಾಗಲೇ ಮೂರು ಲೋಟ ನೀರು ಕುಡಿದಿದ್ದೆ. ನಾಲಿಗೆ ಮತ್ತೆ ಒಣಗಿತ್ತು. ಎರಡು ವರ್ಷದ ಹಿಂದೆಯೂ ಹೀಗೇ ಬಾಯಾರಿಕೆಯಿಂದ ಶುರುವಾಗಿ, ಉಸಿರು ಮೇಲೆ ಹತ್ತಿ, ಕೋಲಾರದ ಆಸ್ಪತ್ರೆಯಲ್ಲಿ ಮೂರನೆಯ ದಿನ ಕಣ್ಣು ಬಿಟ್ಟಿದ್ದೆ. ನಡುವಿನ ದಿನಗಳು ನನಗೆ ನೆನಪೇ ಇಲ್ಲ. ಆ ಇಲ್ಲದ ದಿನಗಳಿಗೇ ನಾನು ಹೆದರುತ್ತಿದ್ದೆ. ಈ ಸಲ ಕಣ್ಣು ಬಿಡದಿದ್ದರೆ? ಏರಿ ಒಡೆಯುವ ಭಯ ಕೋಣೆಯ ಎಲ್ಲರದು. ಈ ಭಯ ನಮ್ಮ ಮೂವರದು ಮಾತ್ರ.

ಹೊರಗೆ ಜೀಪು ಸ್ಟಾರ್ಟ್ ಆಯಿತು. ಅಮ್ಮನ ಕೈ ಬಿಡಿಸಿಕೊಂಡು ಎದ್ದೆ.

"ಅಕ್ಕಾ, ನನ್ನ ಹೆಸರೂ ಬರ್ಕೊಳ್ಳಿ. ನಂಗೆ ಇನ್ಸುಲಿನ್ ಬೇಕು."

"ಅಯ್ಯೋ, ಇಷ್ಟು ಸಣ್ಣ ಮಗೀಗೆ ಸಕ್ಕರೆ ಕಾಯ್ಲೆನಾ!" ಎಂದು ಯಾರೋ ಹೆಂಗಸು ಗಲ್ಲಕ್ಕೆ ಕೈಯಿಟ್ಟಳು. ಅಮ್ಮ ತಲೆ ತಗ್ಗಿಸಿದಳು. ಮಂಜುಳಕ್ಕ ಮಾತ್ರ, "ಸೀಸೆ ಮೇಲೆ ಏನು ಬರ್ದಿರ್ತದೆ ಗೊತ್ತಾ ಮಗಾ? ಎಷ್ಟು ಯೂನಿಟ್?" ಎಂದರು. ನಾನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದೆ. ಅವರು ಚೀಟಿ ಹರಿದುಕೊಂಡು ಚಪ್ಪಲಿಯನ್ನೂ ಹಾಕದೆ ಜೀಪಿನ ಹಿಂದೆ ಓಡಿದರು.

ರಾತ್ರಿ ಎಂಟು ಗಂಟೆಯೊಳಗೆ ಸೀಸೆ, ಸಿರಿಂಜು ಬಂದವು. ಮೇಷ್ಟ್ರ ಕೋಣೆಯ ಬಾಗಿಲು ಹಾಕಿ ಅಮ್ಮ ಚುಚ್ಚಿದಳು.

ಏರಿ ಒಡೆಯಲಿಲ್ಲ. ಗಾಳಿಗೆ ಒಡ್ಡಿಕೊಂಡ ಹುಳುಗಳಲ್ಲಿ ಅರ್ಧ ಸತ್ತವು. ಈಗ ನಮ್ಮ ಹುಳುಮನೆಯಲ್ಲಿ ಟೊಮೆಟೊ ಕ್ರೇಟುಗಳಿವೆ. ಸೊಪ್ಪಿನ ವಾಸನೆ ಎಂದೋ ಹೋಯಿತು. ಮಳೆ ಜೋರಾದರೆ ಔಷಧದ ಚೀಲವನ್ನು ಇಂದಿಗೂ ನಾನೇ ಮೊದಲು ತುಂಬುತ್ತೇನೆ, ಬೇರೆ ಯಾರೂ ಅದನ್ನು ಮುಟ್ಟಲು ಬಿಡುವುದಿಲ್ಲ. ಬೇಕಾದದ್ದನ್ನೆಲ್ಲ ಅಪ್ಪ ಅಮ್ಮ ಮರೆಯದೆ ತಂದಿರುತ್ತಾರೆಂದು ಕಣ್ಣು ಮುಚ್ಚಿ ಟ್ರ್ಯಾಕ್ಟರ್ ಹತ್ತುವ ನಿಶ್ಚಿಂತೆ ಆ ಸಂಜೆಯೇ ಮುಗಿಯಿತು. ಅದು ಮತ್ತೆ ಸಿಕ್ಕಿಲ್ಲ.

ಆ ರಾತ್ರಿ ಕಳೆದು ಬೆಳಿಗ್ಗೆ ಅಮ್ಮ ಮತ್ತೆ ಮೇಷ್ಟ್ರ ಕೋಣೆಯ ಬಾಗಿಲು ತೆರೆದು ನನ್ನನ್ನು ಕರೆದಳು. ನಾನು ಹೋಗಲಿಲ್ಲ. ಮಂಜುಳಕ್ಕನ ಕೈಯಿಂದ ಸಿರಿಂಜು ತೆಗೆದುಕೊಂಡು, ಉಪ್ಪಿಟ್ಟಿಗೆ ಸಾಲು ನಿಂತವರೆದುರು ಜಗಲಿಯಲ್ಲಿ ಕುಳಿತು, ಅಂಗಿಯ ಅಂಚೆತ್ತಿ, ಮೊದಲ ಸಲ ನಾನೇ ಚುಚ್ಚಿಕೊಂಡೆ.