ಕ್ಲಚ್ಚಿಲ್ಲದ ಕಾರಿನ ನಡುಕ

ನಾನು ಮದುವೆಯಾಗಿ ಯಲಹಂಕಕ್ಕೆ ಬಂದಾಗ ಆ ಮನೆಯಲ್ಲಿ ನನಗಿಂತ ಹೆಚ್ಚಿನ ಮರ್ಯಾದೆ ಇದ್ದದ್ದು ಒಂದು ಕಾರಿಗೆ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ನನಗೆ ಕೊಟ್ಟಿದ್ದು ನಡುಮನೆಯ ಪಕ್ಕದ, ಕಿಟಕಿ ಸರಿಯಾಗಿ ಮುಚ್ಚದ ಕೋಣೆ. ಕಾರಿಗಾದರೋ ಕೊಟ್ಟಿಗೆಯ ಅರ್ಧ ಭಾಗ ತೆರವು ಮಾಡಿಸಿ, ನೆಲಕ್ಕೆ ಚಪ್ಪಡಿ ಹಾಸಿ, ಮೇಲೆ ಹೊಸ ಹೆಂಚು ಹೊದಿಸಿದ್ದರು. ಪಕ್ಕದಲ್ಲೇ ಕಟ್ಟಿದ್ದ ಎಮ್ಮೆಗಳು ಅದನ್ನು ದುರುಗುಟ್ಟಿಕೊಂಡು ನೋಡುತ್ತಾ ಮೆಲುಕು ಹಾಕುತ್ತಿದ್ದವು. ಬಂದ ಹೊಸದರಲ್ಲಿ ಕಾರಿನ ಬಗ್ಗೆ ನನಗೂ ಆ ಎಮ್ಮೆಗಳಿಗೂ ಒಂದೇ ಅಭಿಪ್ರಾಯವಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನನ್ನ ಯಜಮಾನರು ದನದ ಡಾಕ್ಟರು. ಕಚೇರಿ ಹೆಬ್ಬಾಳದಲ್ಲಿ, ಕೆಲಸವೆಲ್ಲ ಸುತ್ತಲಿನ ಹಳ್ಳಿಗಳಲ್ಲಿ. ಕೂಸಾಗಿದ್ದಾಗ ಬಂದ ಜ್ವರದಲ್ಲಿ ಅವರ ಎಡಗಾಲು ಸೊರಗಿಹೋಗಿತ್ತು. ಆ ಕಾಲಿಗೆ ಎರಡೂ ಪಕ್ಕ ಕಬ್ಬಿಣದ ಪಟ್ಟಿ ಇಟ್ಟು ಚರ್ಮದ ಬೆಲ್ಟು ಬಿಗಿದುಕೊಂಡು ನಡೆಯುತ್ತಿದ್ದರು. ಮೊದಲೆಲ್ಲ ಎತ್ತಿನ ಗಾಡಿಯಲ್ಲಿ ಹೋಗಬೇಕಿತ್ತಂತೆ. ಇವರು ತಲುಪುವ ಹೊತ್ತಿಗೆ ಒಂದೋ ಕರು ಹುಟ್ಟಿ ಎದ್ದು ನಿಂತಿರುತ್ತಿತ್ತು, ಇಲ್ಲವೋ ಹಸು ಸತ್ತಿರುತ್ತಿತ್ತು. ಅಂಥ ದಿನ ಮನೆಗೆ ಬಂದರೆ ಊಟ ಮಾಡುತ್ತಿರಲಿಲ್ಲವಂತೆ.

ಜಕ್ಕೂರಿನ ಏರೋಡ್ರೋಮಿಗೆ ವಿಮಾನ ಹಾರಿಸಲು ಬರುತ್ತಿದ್ದ ಒಬ್ಬ ಬಿಳಿಯ ದೊರೆಯ ಕುದುರೆಗೆ ಇವರು ಔಷಧಿ ಮಾಡಿದ್ದರು. ಆತ ತನ್ನ ದೇಶಕ್ಕೆ ಹೊರಟಾಗ ಕಾರನ್ನು ಇವರಿಗೆ ಬಿಟ್ಟುಕೊಟ್ಟ. ಅಮೆರಿಕದಲ್ಲಿ ಮಾಡಿದ ಉದ್ದನೆಯ, ತಿಳಿಹಸಿರು ಬಣ್ಣದ ಕಾರು. ಅದಕ್ಕೆ ಎಡಗಾಲಲ್ಲಿ ತುಳಿಯುವ ಕ್ಲಚ್ಚೇ ಇರಲಿಲ್ಲ. ಬಲಗಾಲಲ್ಲಿ ಒತ್ತಿದರೆ ಸಾಕು, ಗೇರು ತಾನಾಗಿಯೇ ಬೀಳುತ್ತಿತ್ತು. ಎಡಗಾಲಿಗೆ ಬಲವಿಲ್ಲದ ಮನುಷ್ಯ ಆಗಿನ ಬೆಂಗಳೂರಲ್ಲಿ ಓಡಿಸಬಹುದಾಗಿದ್ದ ಕಾರು ಅಂಥದ್ದೊಂದೇ. ಕಾರು ಬಂದ ಮೇಲೆ ಅವರು ಹಳ್ಳಿಗಳಿಗೆ ಹೊತ್ತಿಗೆ ಸರಿಯಾಗಿ ತಲುಪತೊಡಗಿದರು. ಅದನ್ನು ತಿಳಿದ ಮೇಲೆ ನಾನು ಎಮ್ಮೆಗಳ ಪಕ್ಷ ಬಿಟ್ಟೆ.

ದಸರಾ ಕಳೆದ ಮೇಲೆ ಕಾರಿಗೆ ಕಾಯಿಲೆ ಶುರುವಾಯಿತು. ನಿಂತಲ್ಲಿ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುವುದು. ಹೊರಟರೆ ಎಷ್ಟೋ ಹೊತ್ತು ಒಂದೇ ಗೇರಿನಲ್ಲಿ ಗೋಳಾಡಿ, ಆಮೇಲೆ ಹಿಂದಿನಿಂದ ಯಾರೋ ಒದ್ದಂತೆ ಧಡಾರ್ ಎಂದು ಮುಂದಿನದಕ್ಕೆ ಬೀಳುವುದು. ಹಿಂದಿನ ಸೀಟಿನಲ್ಲಿ ಕೂತ ನಮ್ಮ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಹಿಂದೆ ಅಂದರೆ ನಾನು ಮತ್ತು ನಮ್ಮತ್ತೆ. ಅತ್ತೆ ಕಾರು ಹತ್ತುವುದೇ ಅಪರೂಪ. ಹತ್ತಿದರೂ ಯಾವಾಗಲೂ ಹಿಂದೆಯೇ ಕೂತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಇಳಿಯುವವರೆಗೂ ದೇವರ ಹೆಸರು ಹೇಳುತ್ತಿದ್ದರು.

ಒಂದು ದಿನ ಬಾಗಲೂರಿನ ಕಡೆ ಹೋಗುವಾಗ ಆ ಒದೆತಕ್ಕೆ ಔಷಧಿ ಪೆಟ್ಟಿಗೆ ಉರುಳಿ ಸೀಸೆಗಳೆಲ್ಲ ಒಡೆದುಹೋದವು. ಇನ್ನೊಂದು ದಿನ ದಾರಿಯಲ್ಲೇ ನಿಂತುಬಿಟ್ಟಿತು. ಸುದ್ದಿ ಮೇಲಿನವರ ಕಿವಿಗೆ ಬಿತ್ತು. ಅವರು ಕೆಟ್ಟವರಲ್ಲ, ಇವರ ಮೇಲೆ ಕನಿಕರ ಇದ್ದವರೇ. "ಸಂಕ್ರಾಂತಿ ಆದ್ಮೇಲೆ ನೀವು ಕಚೇರಿಯಲ್ಲೇ ಕೂತ್ಕೊಳ್ಳಿ ಡಾಕ್ಟರೇ. ಹಳ್ಳಿಗೆ ಬೇರೆಯವರನ್ನ ಕಳಿಸ್ತೀವಿ" ಅಂದರಂತೆ. ಆ ಸಂಜೆ ಇವರು ಮತ್ತೆ ಊಟ ಬಿಟ್ಟರು. ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸುತ್ತೇವೆ ಅಂದರೆ ಬೇರೆ ಯಾರಾದರೂ ಕುಣಿದಾಡುತ್ತಿದ್ದರು. ಇವರಿಗೆ ಮಾತ್ರ ಹಸುವಿನ ಬೆನ್ನ ಮೇಲೆ ಕೈ ಇಡದ ದಿನ ದಿನವೇ ಅಲ್ಲ. ನನಗೆ ಕೋಪ ಬಂತು. ನನಗೆ ಸಂಕಟವಾದಾಗಲೆಲ್ಲ ಮೊದಲು ಬರುವುದು ಕೋಪವೇ.

ಕಾರನ್ನು ನೋಡುತ್ತಿದ್ದ ಮೇಸ್ತ್ರಿಯ ಶೆಡ್ಡು ಇದ್ದದ್ದು ಯಶವಂತಪುರದಿಂದ ಗೊರಗುಂಟೆಪಾಳ್ಯಕ್ಕೆ ಹೋಗುವ ದಾರಿಯಲ್ಲಿ, ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆ. ಆತ ದೊಡ್ಡ ಬಾಯಿಯ ಸಾಬರು. ಮಿಲಿಟರಿ ಟ್ರಕ್ಕುಗಳನ್ನು ಬರಿಗೈಯಲ್ಲಿ ಎತ್ತಿದ ಕಥೆ ಹೇಳುತ್ತಿದ್ದರು. ಕಾರಿಗೆ ಅವರು ಮಾಡದ ಆರೈಕೆ ಇರಲಿಲ್ಲ. ಪ್ಲಗ್ಗು ತೊಳೆದರು, ಕಾರ್ಬೊರೇಟರು ಬಿಚ್ಚಿ ಹೊಂದಿಸಿದರು, ಎಣ್ಣೆ ಬದಲಾಯಿಸಿದರು, ಇಂಜಿನ್ನಿನ ಕೆಳಗಿನ ರಬ್ಬರಿಗೆ ಲಾರಿ ಟೈರು ಕತ್ತರಿಸಿ ಹೊಸದು ಕೂರಿಸಿದರು. ಪ್ರತಿ ಸಲವೂ ಎರಡು ದಿನ ಸುಮ್ಮನಿದ್ದಂತೆ ಮಾಡಿ ಕಾರು ಮತ್ತೆ ನಡುಗತೊಡಗುತ್ತಿತ್ತು. ಕೊನೆಗೆ ಅವರು, "ಇದಕ್ಕೆ ನಮ್ಮೂರಿನ ಗಾಳಿ ಆಗಿಬರ್ತಿಲ್ಲ ಡಾಕ್ಟರ್ ಸಾಬ್, ಮಾರ್ಬಿಡಿ" ಅಂದುಬಿಟ್ಟರು.

ಅದನ್ನು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಮರುದಿನ ನಾನೂ ಕಾರು ಹತ್ತಿ ಶೆಡ್ಡಿಗೆ ಹೋದೆ. ಹೆಂಗಸರು ಅಂಥ ಕಡೆ ಹೋಗುವ ರೂಢಿಯಿಲ್ಲದ ಕಾಲ. ಲಾರಿಯವರೆಲ್ಲ ಬೀಡಿ ಮರೆತು ನೋಡುತ್ತಿದ್ದರು. ಮೇಸ್ತ್ರಿ ಓಡಿಬಂದು ಒಂದು ಸ್ಟೂಲು ಒರೆಸಿ ಹಾಕಿದರು. ನಾನು ಕೂರಲಿಲ್ಲ.

"ಎಲ್ಲಾ ಬಿಚ್ಚಿ ನೋಡಿದೀನಿ ಅಂತೀರಲ್ಲ, ನಿಜವಾಗ್ಲೂ ಎಲ್ಲಾ ನೋಡಿದೀರಾ?" ಅಂದೆ.

"ಅಲ್ಲಾನ ಮೇಲಾಣೆ, ಎಲ್ಲಾ ನೋಡಿದೀನಮ್ಮಾ. ಅದೊಂದು ಬಿಟ್ಟು."

"ಯಾವುದೊಂದು?"

ಮೇಸ್ತ್ರಿ ನನ್ನ ಮುಖ ನೋಡಿದರು, ಯಜಮಾನರ ಮುಖ ನೋಡಿದರು. "ಅದೇ, ನಿಮ್ ಮನೇಲಿ ಯಾರೋ ಕಟ್ಟಿರೋದು. ಅದನ್ನ ನಾವ್ ಮುಟ್ಟಲ್ಲ. ನಮ್ ಹುಡುಗ್ರಿಗೂ ಹೇಳಿದೀನಿ, ಅದರ ಪಕ್ಕದಲ್ಲೇ ಕೈ ಹಾಕಿ, ಅದಕ್ಕೆ ತಗಲಬಾರ್ದು ಅಂತ."

ಯಜಮಾನರು ಕಬ್ಬಿಣದ ಪಟ್ಟಿಯ ಕಾಲಿನಿಂದಾಗಿ ಬಾನೆಟ್ಟಿನೊಳಗೆ ಬಗ್ಗುವಂತಿರಲಿಲ್ಲ. ನಾನೇ ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ಇಂಜಿನ್ನಿನ ಹಿಂಬದಿಯಲ್ಲಿ, ಕತ್ತಲಲ್ಲಿ, ಪೆನ್ಸಿಲ್ಲಿನಷ್ಟು ಸಣ್ಣ ಒಂದು ಕಂಬಿ. ಅದರ ಮೇಲೆ ಕರಿಉಣ್ಣೆ ದಾರದಲ್ಲಿ ಬಿಗಿದ ಕೆಂಪು ಬಟ್ಟೆಯ ಗಂಟು. ಅದರ ಪಕ್ಕ ಇನ್ನೊಂದು ಗಂಟು. ಅದರ ಕೆಳಗೆ ಮತ್ತೊಂದು. ಜೊತೆಗೆ ಒಣಗಿ ಕಲ್ಲಾದ ನಿಂಬೆಹಣ್ಣುಗಳು. ದೃಷ್ಟಿಯಾಗದಿರಲಿ ಅಂತ ಪಟಿಕದ ಕಲ್ಲು, ಇದ್ದಿಲು, ಮೆಣಸಿನಕಾಯಿ ಸೇರಿಸಿ ಕಟ್ಟುವ ಗಂಟುಗಳು. ಬಾಗಿಲಿಗೆ ಅತ್ತೆ ಅಂಥದ್ದನ್ನೇ ಕಟ್ಟುತ್ತಿದ್ದರು. ಕಾರಿನ ಮುಂದೆ ಕಟ್ಟಲು ಹೋದಾಗ ಇವರು, "ಬೇಡಮ್ಮಾ, ಕಚೇರಿಯವರು ನಗ್ತಾರೆ" ಅಂದಿದ್ದರಂತೆ. ಆಯುಧಪೂಜೆಯ ದಿನ ಇಂಜಿನ್ನಿಗೆ ಕುಂಕುಮ ಇಡಲು ಬಾನೆಟ್ಟು ತೆಗೆದಿದ್ದನ್ನು ನೋಡಿಕೊಂಡಿದ್ದ ಅತ್ತೆ, ಆಮೇಲೆ ತಾವೇ ತೆಗೆದು, ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿದ್ದರು. ಅಮಾವಾಸ್ಯೆ ಬಂದಾಗಲೆಲ್ಲ ಹೊಸದು ಕಟ್ಟಿದ್ದರು. ಹಳೆಯದನ್ನು ತೆಗೆಯಲು ಮನಸ್ಸು ಬಂದಿರಲಿಲ್ಲ.

"ಆ ಕಂಬಿ ಏನು ಮಾಡುತ್ತೆ?" ಅಂತ ಕೇಳಿದೆ.

ಮೇಸ್ತ್ರಿ ಹೇಳತೊಡಗಿದರು. ಕಾಲಲ್ಲಿ ಎಷ್ಟು ಒತ್ತಿದ್ದೀವಿ ಅನ್ನುವುದನ್ನು ಗೇರುಪೆಟ್ಟಿಗೆಗೆ ತಿಳಿಸುವುದು ಆ ಕಂಬಿಯೇ. ಒತ್ತು ಬಿಟ್ಟ ಕೂಡಲೇ ಅದು ಹಿಂದಕ್ಕೆ ಬರಬೇಕು. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು. ಗಂಟುಗಳ ಭಾರಕ್ಕೆ ಕಂಬಿ ಹಿಂದಕ್ಕೆ ಬರುತ್ತಿರಲಿಲ್ಲ. ಇನ್ನೂ ಒತ್ತುತ್ತಲೇ ಇದ್ದಾರೆ ಅಂದುಕೊಂಡು ಗೇರುಪೆಟ್ಟಿಗೆ ಕಾದು ಕಾದು ಒದೆಯುತ್ತಿತ್ತು. ನಿಂತಾಗ ಇಂಜಿನ್ನು ಜೋರಾಗಿ ಅರಚುತ್ತದೆಂದು ಮೇಸ್ತ್ರಿ ಪ್ರತಿ ಸಲವೂ ಸ್ಕ್ರೂ ತಿರುಗಿಸಿ ಅದರ ವೇಗ ಇಳಿಸುತ್ತಾ ಬಂದಿದ್ದರು. ಇಳಿಸಿ ಇಳಿಸಿ ಅದು ಉಸಿರು ಸಾಲದೆ ನಡುಗುತ್ತಿತ್ತು.

"ಹಾಗಾದ್ರೆ ಬಿಚ್ಚಿ!" ಅಂದೆ.

"ಬೇರೆಯವರ ಮನೇದು ನಾವ್ ಬಿಚ್ಚಿದ್ರೆ ಅದು ನಮ್ ಮೈಮೇಲೆ ಬರುತ್ತೆ ತಾಯಿ. ನೀವೇ ಬಿಚ್ಚಿ."

ಎಸ್ಸೆಸ್ಸೆಲ್ಸಿ ಪಾಸಾದ ನಾನು ಧೈರ್ಯವಾಗಿ ಕೈ ಚಾಚಿದೆ. ಗಂಟಿನವರೆಗೂ ಹೋದ ಕೈ ಹಿಂದಕ್ಕೆ ಬಂತು. ಯಜಮಾನರ ಕಡೆ ತಿರುಗಿದೆ. ಇಷ್ಟು ಓದಿದವರು, ಸೂಜಿ ಕತ್ತರಿ ಹಿಡಿದವರು, ಅವರೂ ನೆಲ ನೋಡುತ್ತಾ, "ಅಮ್ಮ ಕಟ್ಟಿದ್ದು. ಅಮ್ಮನೇ ಬಿಚ್ಚಲಿ" ಅಂದರು. ಸರಿ, ಮೇಸ್ತ್ರಿಯನ್ನೂ ಅವರ ಹತಾರಗಳನ್ನೂ ಹಿಂದೆ ತುಂಬಿಕೊಂಡು ಅದೇ ಕಾರಿನಲ್ಲಿ ಒದೆಸಿಕೊಂಡು ಯಲಹಂಕಕ್ಕೆ ಬಂದೆವು.

ಅತ್ತೆ ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು. ವಿಷಯ ಕೇಳಿ ಮೊರ ಕೆಳಗಿಟ್ಟರೇ ಹೊರತು ಏಳಲಿಲ್ಲ.

"ನಾ ಬಿಚ್ಚಾಕಿಲ್ಲ" ಅಂದರು.

"ಅಮ್ಮಾ, ಅದು ಅಲ್ಲಿದ್ರೆ ನನ್ನ ಹಳ್ಳಿ ಕೆಲ್ಸ ಹೋಗುತ್ತೆ."

"ಓಗ್ಲಿ. ನೆರಳಲ್ಲಿ ಕುಂತ್ಕೊ. ಕಟ್ದೆ ಇದ್ದಾಗ ಏನಾಯ್ತು ಅಂತ ನಂಗೊತ್ತು." ಅತ್ತೆ ಮೊರದ ಅಂಚು ಹಿಡಿದುಕೊಂಡರು. "ನೀನು ಅಂಬೆಗಾಲಿಡೋ ಕೂಸು. ಗುಂಡುಗುಂಡಗಿದ್ದೆ. ಜಕ್ಕೂರಲ್ಲಿ ಮದ್ವೆ. ಕೆನ್ನೆಗೆ ಕಪ್ಪು ಇಕ್ಕೇ ಅಂತ ನಿಮ್ಮಜ್ಜಿ ಬಡ್ಕಂಡ್ರು. ಒತ್ತಾಯ್ತು ಅಂತ ನಾನು ಅಂಗೇ ಎತ್ಕಂಡೋದೆ. ಎಲ್ರೂ ಎತ್ತಿ ಆಡಿಸಿದ್ರು. ಮನೆಗೆ ಬಂದ್ರೆ ಜ್ವರ. ಜ್ವರ ಬಿಟ್ಟಾಗ ಕಾಲು ನೆಲಕ್ಕೆ ಊರ್ಲಿಲ್ಲ."

ಆ ಮಾತು ಅವರ ಮಗನೂ ಅದೇ ಮೊದಲು ಕೇಳಿದ್ದು. ಅಷ್ಟು ವರ್ಷ ಆ ಹೆಂಗಸು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ರೊಟ್ಟಿ ತಟ್ಟಿದ್ದರು, ಸೊಸೆಯನ್ನು ತಂದುಕೊಂಡಿದ್ದರು. ನನ್ನ ಕೋಪವೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಯಜಮಾನರು ಕಷ್ಟಪಟ್ಟು ನೆಲದ ಮೇಲೆ ಕೂತರು. ಅವರು ನೆಲಕ್ಕೆ ಕೂರುವುದೆಂದರೆ ದೊಡ್ಡ ಪ್ರಯಾಸ. "ಅಮ್ಮಾ, ಅದೇ ವರ್ಷ ಈ ಊರಲ್ಲಿ ಇನ್ನೂ ಎಷ್ಟೋ ಮಕ್ಕಳಿಗೆ ಆ ಜ್ವರ ಬಂತು. ಕಪ್ಪು ಇಟ್ಟಿದ್ದ ಮಕ್ಕಳಿಗೂ ಬಂತು. ನೀನು ಏನೂ ಮಾಡ್ಲಿಲ್ಲ. ನಾನು ಡಾಕ್ಟರು ಕಣಮ್ಮಾ, ನನಗೆ ಗೊತ್ತಿರಲ್ವಾ?"

"ನೀನು ದನದ ಡಾಕ್ಟ್ರು" ಅಂದರು ಅತ್ತೆ. ಅಳುತ್ತಲೇ ಅಂದದ್ದು. ಮಗನಿಗೆ ನಗು ಬಂತು, ಆಮೇಲೆ ನನಗೂ ಬಂತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

ತಾವೇ ಬಾನೆಟ್ಟು ತೆಗೆದರು. ಕಾರಿನ ಬಾಗಿಲು ತೆಗೆಯಲು ಬಾರದ ನಮ್ಮತ್ತೆಗೆ ಬಾನೆಟ್ಟು ಸಲೀಸಾಗಿತ್ತು. ಒಂದೊಂದೇ ಗಂಟನ್ನು ಬಿಚ್ಚಿ, ಕೈಮುಗಿದು, ಮೊರದಲ್ಲಿಟ್ಟುಕೊಂಡು ಬಾವಿಯ ಹಿಂದಿನ ಎಕ್ಕದ ಗಿಡದ ಬುಡಕ್ಕೆ ಹಾಕಿ ಬಂದರು. ಮೇಸ್ತ್ರಿ ಕಂಬಿಗೆ ಎರಡು ಹನಿ ಎಣ್ಣೆ ಬಿಟ್ಟು, ತಾವೇ ಇಳಿಸಿದ್ದ ಸ್ಕ್ರೂವನ್ನು ತಾವೇ ಏರಿಸಿ, "ನಾನ್ ಮೊದಲೇ ಹೇಳಿರ್ಲಿಲ್ವಾ, ಸಣ್ ವಿಷಯ ಅಂತ" ಅಂದರು. ಆ ಮನುಷ್ಯನ ನಾಲಿಗೆಗೆ ಮೂಳೆ ಇರಲಿಲ್ಲ. ಆದರೂ ಅವರಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿ ಹೊಟ್ಟೆ ತುಂಬ ಬಡಿಸಿದೆ.

ಯಜಮಾನರು ಕಾರು ಚಾಲೂ ಮಾಡಿದರು. ಸದ್ದೇ ಇಲ್ಲ. "ನಿಂತೋಯ್ತಾ?" ಅಂದರು ಅತ್ತೆ ಗಾಬರಿಯಿಂದ. ಮೇಸ್ತ್ರಿ ಅವರ ಕೈಯನ್ನು ಬಾನೆಟ್ಟಿನ ಮೇಲೆ ಇಡಲು ಹೇಳಿದರು. ಒಳಗಿನ ಸಣ್ಣ ಮಿಡಿತ ಕೈಗೆ ತಗಲಿ ಅತ್ತೆ ಕಣ್ಣರಳಿಸಿದರು.

ಇವರ ಹಳ್ಳಿ ಸುತ್ತುವ ಕೆಲಸ ಆಮೇಲೆ ಎಷ್ಟೋ ವರ್ಷ ಇವರ ಕೈಯಲ್ಲೇ ಉಳಿಯಿತು. ಆ ಫ್ಯಾನಿನ ಕೆಳಗಿನ ಕುರ್ಚಿಗೆ ಬೇರೆ ಯಾರೋ ಬಂದು ಸುಖವಾಗಿ ಕೂತರು. ಆದರೆ ಕಾರು ಅಂದರೆ ನನಗೆ ನೆನಪಾಗುವುದು ಆ ಸಂಜೆಯೇ. ಪರೀಕ್ಷೆ ಮಾಡಲು ಜಕ್ಕೂರಿನ ಕೆರೆಯವರೆಗೆ ಹೋಗಿಬರೋಣ ಅಂದರು ಇವರು. ಅತ್ತೆ ಎಂದಿನಂತೆ ಹಿಂದಕ್ಕೆ ಹೊರಟರು. "ಇವತ್ತು ಮುಂದೆ ಬಾಮ್ಮಾ" ಅಂತ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮೇಸ್ತ್ರಿ ಜಗಲಿಯಲ್ಲೇ ಉಳಿದರು, ನಾನು ಹಿಂದೆ ಅವರ ಹತಾರದ ಚೀಲದ ಪಕ್ಕ ಕೂತೆ.

ಗೇರು ಯಾವಾಗ ಬಿತ್ತೋ ತಿಳಿಯಲೇ ಇಲ್ಲ. ಗದ್ದೆಗಳ ಮೇಲಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಆಕಾಶದಲ್ಲಿ ಏರೋಡ್ರೋಮಿನ ಪುಟ್ಟ ವಿಮಾನವೊಂದು ಸುತ್ತು ಹಾಕುತ್ತಿತ್ತು. ಅತ್ತೆ ಈ ಸಲ ಕಣ್ಣು ಮುಚ್ಚಿರಲಿಲ್ಲ. ಆದರೆ ಹೊರಗೂ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ ಮಗನ ಎಡಗಾಲನ್ನೇ ನೋಡುತ್ತಿದ್ದರು.

"ಅಲ್ಲ ಕಣೋ, ಈ ಕಾಲು ಏನೂ ಮಾಡ್ತಾನೇ ಇಲ್ವಲ್ಲೋ?"

"ಇಲ್ಲಮ್ಮಾ. ಈ ಕಾರಲ್ಲಿ ಅದಕ್ಕೆ ಕೆಲ್ಸಾನೇ ಇಲ್ಲ. ಅದಕ್ಕೇ ತಾನೇ ಇದನ್ನ ತಗೊಂಡಿದ್ದು."

ಅತ್ತೆಗೆ ಅದು ಗೊತ್ತೇ ಇರಲಿಲ್ಲ. ಹಿಂದೆ ಕಣ್ಣು ಮುಚ್ಚಿ ಕೂತಷ್ಟು ದಿನವೂ ಅವರು, ಮಗ ಆ ಸೊರಗಿದ ಕಾಲಲ್ಲೇ ಇಷ್ಟು ದೊಡ್ಡ ಕಾರನ್ನು ತುಳಿದು ತುಳಿದು ಓಡಿಸುತ್ತಿದ್ದಾನೆ ಅಂದುಕೊಂಡಿದ್ದರು. ಕಾರು ನಡುಗಿದಾಗೆಲ್ಲ ಅವರಿಗೆ ನಡುಗುತ್ತಿದ್ದದ್ದು ಆ ಕಾಲು. ಈಗ ಕಬ್ಬಿಣದ ಪಟ್ಟಿಯ ಮೇಲೆ ಮೆಲ್ಲಗೆ ಕೈಯಿಟ್ಟರು.

"ಪಾಪ, ಮಲಿಕ್ಕಂಡಿರ್ಲಿ ಬಿಡು" ಅಂದರು.