ಕೆಡವಲು ನಿಂತ ಸಾಹೇಬರು

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಬಿಜಾಪುರದ ಸಾಹೇಬರು ಫ್ರಾನ್ಸಿನ ಒಂದು ಕಟ್ಟಡ ಕಂಪನಿಯಲ್ಲಿ ಸೈಟ್ ಎಂಜಿನಿಯರಾಗಿದ್ದರು. ಮಾತು ಎಲ್ಲಿ ಶುರುವಾದರೂ ಅದನ್ನು 'ನಮ್ಮ ಕಂಪನಿ'ಗೇ ತಂದು ನಿಲ್ಲಿಸುತ್ತಿದ್ದರು. ಗಾರೆ ಕೆಲಸದ ಅಣ್ಣತಮ್ಮಂದಿರು ಅದನ್ನು ಹುಟ್ಟುಹಾಕಿದ್ದು, ಯುದ್ಧದಲ್ಲಿ ಮುರಿದ ಸೇತುವೆಗಳನ್ನು ಮತ್ತೆ ಕಟ್ಟಿದ್ದು, ಆಫ್ರಿಕಾದ ಬಂದರು, ಕೊಲ್ಲಿ ದೇಶದ ಆಸ್ಪತ್ರೆ, ಎಲ್ಲವನ್ನೂ ಸ್ವಂತ ಮನೆತನದ ಕಥೆಯಂತೆ ಹೇಳುವರು. ಹೇಳುತ್ತಲೇ ನಮ್ಮ ಊಟದ ಮೇಜನ್ನು ಅಂಗೈಯಿಂದ ಸವರಿ ಮಟ್ಟ ನೋಡುವರು.

ರೆಡ್‌ವುಡ್ ಸಿಟಿಯಲ್ಲಿ ಅವರು ಒಂದು ಡಾಟ್‌ಕಾಮ್ ಕಂಪನಿಗೆ ಆಫೀಸು ಕಟ್ಟಿಸುತ್ತಿದ್ದರು. ನಾಲ್ಕನೇ ಮಹಡಿ ಏಳುವಷ್ಟರಲ್ಲಿ ಆ ಕಂಪನಿ ಮುಳುಗಿತು. ಜಾಗ ಕೊಂಡವರಿಗೆ ಅರ್ಧ ಎದ್ದ ಕಟ್ಟಡ ಬೇಕಿರಲಿಲ್ಲ. ಕೆಡವುವ ಕೆಲಸವೂ ಸಾಹೇಬರ ಪಾಲಿಗೇ ಬಂತು.

"ಬೇರೆ ಯಾರಿಗಾದ್ರೂ ಕೊಡಿ ಅಂತ ಹೇಳಿ ಸಾರ್. ನೀವ್ಯಾಕೆ ನಿಂತು ನೋಡ್ಬೇಕು?" ಎಂದೆ.

"ಯಾವ ಕಂಬದ ಮ್ಯಾಲ ಎಷ್ಟು ಭಾರ ಐತಿ ಅಂತ ನನಗ ಗೊತ್ತೈತ್ರಿ. ತಪ್ಪಿ ಬಿತ್ತಂದ್ರ ಮಂದಿ ಸಾಯ್ತಾರ."

ಯಾರಿಗೂ ಗಾಯವಾಗದಂತೆ ಕೊನೆಯ ಕಂಬವನ್ನೂ ಇಳಿಸಿದರು. ಆ ಸಂಜೆ ಮನೆಗೆ ಬಂದವರು ಒಳಗೆ ಹೋಗದೆ ಮೆಟ್ಟಿಲ ಮೇಲೇ ಕುಳಿತರು. ನಾನೂ ಪಕ್ಕದಲ್ಲಿ ಕುಳಿತೆ. ಒಳಗಿನಿಂದ ಅವರ ಪುಟ್ಟ ಮಗಳ ನಗು ಕೇಳುತ್ತಿತ್ತು.

"ಆಕಿಗೆ ಒಮ್ಮೆನೂ ತೋರಸಲಿಲ್ರಿ," ಎಂದರು. "ಪೂರಾ ಆದ ಮ್ಯಾಲ ಕರ್ಕೊಂಡು ಹೋಗೋಣ ಅಂದಿದ್ದೆ."